ನಾನು ಗೈರಾಗಿರಲಿಲ್ಲ

ಮನೆಯಿಂದಲೇ ಲಿನಕ್ಸ್ ಸರ್ಟಿಫಿಕೇಷನ್ ಪರೀಕ್ಷೆ ಬರೆಸುವ ಸಂಸ್ಥೆಯ ಪರೀಕ್ಷಾ ವಿಭಾಗದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಎರಡೂವರೆಗೆ ನನ್ನ ಪರೀಕ್ಷೆ ಇತ್ತು. ಸಂಜೆ ನಿಮ್ಮಿಂದ ಮೇಲ್ ಬಂತು. ಎರಡೇ ಸಾಲು. ಅಭ್ಯರ್ಥಿ ಹಾಜರಾಗಲಿಲ್ಲ. ಶುಲ್ಕ ವಾಪಸ್ ಇಲ್ಲ.

ನಾನು ಹಾಜರಿದ್ದೆ. ಒಂದೂಮುಕ್ಕಾಲಿಗೇ ಬಂದು ಕೂತಿದ್ದೆ. ಕ್ಯಾತ್ಸಂದ್ರದ ನಮ್ಮ ಮನೆಯ ಮಹಡಿ ಮೇಲಿನ ಕೋಣೆ. ಬಾಗಿಲು ಹಾಕಿದ್ದೆ, ವಾಚ್ ಬಿಚ್ಚಿಟ್ಟಿದ್ದೆ, ಗೋಡೆಯ ಕ್ಯಾಲೆಂಡರ್ ಕೂಡ ತೆಗೆದು ಮಂಚದ ಕೆಳಗೆ ತಳ್ಳಿದ್ದೆ. ನಿಮ್ಮ ಪ್ರಾಕ್ಟರ್ (ಕ್ಯಾಮೆರಾದಲ್ಲಿ ನಮ್ಮನ್ನು ಕಾಯುವ ಮೇಲ್ವಿಚಾರಕರು) ನನ್ನ ಮುಖ ನೋಡಿದ್ದಾರೆ, ಗುರುತಿನ ಚೀಟಿ ನೋಡಿದ್ದಾರೆ, ನನ್ನ ಇನಿಷಿಯಲ್ ಯಾಕೆ ಸರ್‌ನೇಮ್ ಅಲ್ಲ ಅಂತ ಕೂಡ ಕೇಳಿದ್ದಾರೆ. (ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗುತ್ತದೆ. ಅದನ್ನು ಬಿಡಿಸಿ ಹೇಳಲು ಇನ್ನೊಂದು ಪತ್ರ ಬೇಕು.) ಅಷ್ಟೆಲ್ಲ ಮಾತಾಡಿದವಳನ್ನು ಗೈರು ಅಂದರೆ ಹೇಗೆ?

ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಟಿಕೆಟ್, ಅಂದರೆ ದೂರಿನ ದಾಖಲೆ, ತಾನಾಗೇ ಮುಚ್ಚಿಕೊಂಡಿತು. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನನ್ನ ಹಾಗೆ ಹೊಸ ಲ್ಯಾಪ್‌ಟಾಪ್ ಕೊಂಡು ಈ ಪರೀಕ್ಷೆಗೆ ದುಡ್ಡು ಕಟ್ಟಲು ಹೊರಟವರು ತುಮಕೂರಿನಲ್ಲೇ ಎಷ್ಟು ಜನ ಇದ್ದಾರೋ.

ನಾನು ಯಾರು ಅಂತ ಸ್ವಲ್ಪ ಹೇಳಬೇಕು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಸರ್ವರ್‌ಗಳನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಎಲ್ಲವೂ ಲಿನಕ್ಸ್, ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಕೆಲಸ ಗೊತ್ತು, ಕಾಗದ ಇಲ್ಲ. ಬಡ್ತಿಯ ಮಾತು ಬಂದಾಗಲೆಲ್ಲ ಆ ಕಾಗದ ಎಲ್ಲಿ ಅಂತ ಕೇಳುತ್ತಾರೆ. ನಿಮ್ಮ ಪರೀಕ್ಷೆಯ ಶುಲ್ಕ ನನ್ನ ತಿಂಗಳ ಸಂಬಳದ ಮೂರನೇ ಒಂದು ಪಾಲು. ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿ ಹೋಗಿತ್ತು. ಗುಬ್ಬಿ ಹತ್ತಿರದ ನಮ್ಮ ತೋಟದ ಕೊಬ್ಬರಿ ದುಡ್ಡು ಬಂದಾಗ ಅಪ್ಪ ಒಂದಿಷ್ಟು ಕೊಟ್ಟರು, ಉಳಿದದ್ದು ಕಂತು. ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಹೊಸದು ತಗೊಂಡೆ. ಪರೀಕ್ಷೆಗೆ ಎರಡು ತಿಂಗಳು ಇತ್ತು. ಹೊಸ ಮಿಷನ್ ಇದ್ದರೆ ತಲೆನೋವು ಇರಲ್ಲ ಅಂದುಕೊಂಡೆ.

ನೀವು ಪರೀಕ್ಷೆ ನಡೆಸುವ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬ್ರೌಸರ್ ತೆರೆದು ಬರೆಯುವ ಪರೀಕ್ಷೆ ಅಲ್ಲ. ಸಂಸ್ಥೆ ಕೊಡುವ ಇಮೇಜನ್ನು (ಇಡೀ ಲಿನಕ್ಸ್ ತುಂಬಿದ ಒಂದೇ ಫೈಲ್) ಪೆನ್‌ಡ್ರೈವ್‌ಗೆ ಬರೆಯಬೇಕು. ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು, ಅಂದರೆ ಅದರಿಂದಲೇ ಶುರು ಮಾಡಬೇಕು. ಆಗ ಒಳಗಿನ ವಿಂಡೋಸ್ ಮಲಗಿರುತ್ತದೆ, ಪೆನ್‌ಡ್ರೈವ್‌ನಲ್ಲಿರುವ ಸಣ್ಣ ಲಿನಕ್ಸ್ ಎದ್ದು ಯಂತ್ರವನ್ನು ಕೈಗೆ ತಗೊಳ್ಳುತ್ತದೆ. ಕಾಪಿ ಹೊಡೆಯಲು ದಾರಿ ಇರಬಾರದು ಅಂತ ಹೀಗೆ ಮಾಡಿದ್ದೀರಿ. ಒಳ್ಳೆಯದೇ. ಆ ಕಾಗದಕ್ಕೆ ಬೆಲೆ ಇರುವುದೇ ಅದಕ್ಕೆ. ನನ್ನ ತಕರಾರು ಕಟ್ಟುನಿಟ್ಟಿನ ಮೇಲಲ್ಲ.

ಮೊದಲ ರಾತ್ರಿಯ ಕಥೆ ಕೇಳಿ. ಪೆನ್‌ಡ್ರೈವ್ ಬೂಟ್ ಆಗಲಿಲ್ಲ. ನಿಮ್ಮ ಸೂಚನೆಯಲ್ಲಿ ಒಂದು ಸಾಲು ಇದೆ: ಬೂಟ್ ಆಗದಿದ್ದರೆ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ. ಮಾಡಿದೆ. (ಬಯಾಸ್ ಅಂದರೆ ವಿಂಡೋಸ್‌ಗೂ ಮುಂಚೆ ಏಳುವ ಯಂತ್ರದ ಸೆಟ್ಟಿಂಗ್. ಸೆಕ್ಯೂರ್ ಬೂಟ್ ಅಂದರೆ ಗುರುತಿಲ್ಲದ ವ್ಯವಸ್ಥೆ ಶುರುವಾಗದಂತೆ ತಡೆಯುವ ಕಾವಲು.) ಪೆನ್‌ಡ್ರೈವ್ ಎದ್ದಿತು, ವೈಫೈ ಕಾಣಲಿಲ್ಲ. ಯಾವ ಕಾರ್ಡ್ ಅಂತ ನೋಡೋಣ ಅಂತ ವಾಪಸ್ ವಿಂಡೋಸ್‌ಗೆ ಹೋದರೆ ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಕೊಡಿ, 48 ಅಂಕಿ.

ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನಾವು ಕೇಳದೇ ಇದ್ದರೂ ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನುವ ಈ ಬೀಗ ಹಾಕಿಕೊಂಡೇ ಬರುವುದು ಜಾಸ್ತಿ. ಆ ಬೀಗದ ಕೀಲಿ ಟಿಪಿಎಂ ಅನ್ನುವ ಚಿಪ್‌ನಲ್ಲಿ ಇರುತ್ತದೆ. ಬೂಟ್ ಆಗುವ ಕ್ರಮ ನಿನ್ನೆ ಇದ್ದಂತೆಯೇ ಇದ್ದರೆ ಮಾತ್ರ ಟಿಪಿಎಂ ಕೀಲಿ ಕೊಡುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಕ್ರಮ ಬದಲಾಯಿತು, ಯಾರೋ ಕಳ್ಳ ಬಂದ ಅಂತ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಸೆಕ್ಯೂರ್ ಬೂಟನ್ನು ವಾಪಸ್ ಆನ್ ಮಾಡಿದ್ದರೆ ಸಾಮಾನ್ಯವಾಗಿ ಕೀ ಕೇಳದೇ ಒಳಗೆ ಬಿಡುತ್ತದಂತೆ. ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ರಾತ್ರಿ ಹನ್ನೊಂದಾಗಿತ್ತು, ವಿಂಡೋಸ್ ನನ್ನ ದಿನದ ಕೆಲಸವೂ ಅಲ್ಲ.

ರಿಕವರಿ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತದೆ. ನನ್ನ ಅಕೌಂಟ್ ತೆರೆದು ನೋಡಿದೆ, ಇಲ್ಲ. ಆಮೇಲೆ ನೆನಪಾಯಿತು. ಅಂಗಡಿಯ ಹುಡುಗ ಲ್ಯಾಪ್‌ಟಾಪ್ ಸೆಟ್‌ಅಪ್ ಮಾಡಿಕೊಡುವಾಗ ಬೇಗ ಆಗಲಿ ಅಂತ ಅಂಗಡಿಯ ಮೇಲ್ ಐಡಿಯನ್ನೇ ಹಾಕಿದ್ದ. ಬೆಳಗ್ಗೆ ಹತ್ತಕ್ಕೆ ಅಂಗಡಿ ತೆಗೆದ ಮೇಲೆ ಫೋನ್ ಮಾಡಿದೆ. ಪಾಪ, ಒಳ್ಳೆ ಹುಡುಗ. ಆರಾರು ಅಂಕಿಯಂತೆ ಎಂಟು ಸಲ ಓದಿ ಹೇಳಿದ. "ತ್ರೀ ಸೆವೆನ್ ಡಬಲ್ ಜೀರೋ... ಮೇಡಂ, ಬರ್ಕೊಂಡ್ರಾ?" ನಡುವೆ ಯಾರೋ ಗಿರಾಕಿ ಬಂದರು, ಐದನೇ ಗುಂಪಿನಿಂದ ಮತ್ತೆ ಶುರು. ನನ್ನ ಡಿಸ್ಕ್‌ನ ಬೀಗದ ಕೀಲಿ ಎರಡು ವಾರದಿಂದ ಬಿ.ಎಚ್. ರಸ್ತೆಯಲ್ಲಿ ನೇತಾಡುತ್ತಿತ್ತು ಅಂತ ಆಗ ಗೊತ್ತಾಯಿತು!

ಇದರಲ್ಲಿ ನಿಮ್ಮ ತಪ್ಪು ಕಾಲು ಭಾಗ. ಆದರೆ ಸೆಕ್ಯೂರ್ ಬೂಟ್ ಆಫ್ ಮಾಡಿ ಅನ್ನುವ ಸಾಲಿನ ಮೇಲೆ ಇನ್ನೊಂದು ಸಾಲು ದಪ್ಪ ಅಕ್ಷರದಲ್ಲಿ ಇರಬೇಕಿತ್ತು: ಅದಕ್ಕೂ ಮುಂಚೆ ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ, ಇಲ್ಲವೇ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಒಂದು ಸಾಲು. ಕೀ ಸಿಗದೇ ಹೋಗಿದ್ದರೆ ಡಿಸ್ಕ್‌ನಲ್ಲಿದ್ದದ್ದೆಲ್ಲ ಹೋದ ಹಾಗೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ವೈಫೈ.

ನನ್ನ ಅಕ್ಕನ ಮಗನ ಹತ್ತಿರ ಎಂಟು ವರ್ಷ ಹಳೆಯ ಒಂದು ಲ್ಯಾಪ್‌ಟಾಪ್ ಇದೆ. ಮೂಲೆ ಒಡೆದಿದೆ, ಎರಡು ಕೀ ಕಿತ್ತು ಬಂದಿವೆ. ನಿಮ್ಮ ಪೆನ್‌ಡ್ರೈವ್ ಅದಕ್ಕೆ ಹಾಕಿದರೆ ಒಂದೇ ಏಟಿಗೆ ಎದ್ದು ಅಕ್ಕಪಕ್ಕದ ಮನೆಯವರ ವೈಫೈ ಹೆಸರನ್ನೆಲ್ಲ ತೋರಿಸಿತು. ರ‍್ಯಾಮ್ ಸಾಲದು ಅಂತ ನಿಮ್ಮ ಪರೀಕ್ಷಕ ತಂತ್ರಾಂಶ ಅದನ್ನು ಬೇಡ ಅಂದಿತು, ಅದು ಬೇರೆ ಮಾತು. ಎಂಟು ವರ್ಷ ಹಳೆಯದಕ್ಕೆ ವೈಫೈ ಉಂಟು, ಎಂಟು ವಾರ ಹಳೆಯದಕ್ಕೆ ಇಲ್ಲ.

ಕಾರಣ ನಿಗೂಢವೇನಲ್ಲ. ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿರುವುದು ರಿಯಲ್‌ಟೆಕ್‌ನ ಆರ್‌ಟಿಎಲ್8852ಬಿಇ ಅನ್ನುವ ಚಿಪ್. ಸಾಧಾರಣ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಕಾಣಿಸುತ್ತದೆ. ಅದರ ಡ್ರೈವರ್ (ಚಿಪ್ ಜೊತೆ ಮಾತಾಡುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ್ದು 6.2ನೇ ಆವೃತ್ತಿಯಲ್ಲಿ, ಅಂದರೆ 2023ರ ಫೆಬ್ರವರಿಯಲ್ಲಿ. ನಿಮ್ಮ ಪೆನ್‌ಡ್ರೈವ್ ಬೂಟ್ ಆಗುವಾಗ ಮೆನುವಿನಲ್ಲಿ ಕಂಡ ಕರ್ನಲ್ 5ರ ಸಾಲಿನದು. ಹಳೆ ಕರ್ನಲ್‌ಗೂ ಹೊಸ ಡ್ರೈವರ್ ತಂದು ಹೊಲಿಯುವವರು ಇದ್ದಾರೆ. ನಿಮ್ಮ ಇಮೇಜ್‌ಗೆ ಆ ಹೊಲಿಗೆ ಬಿದ್ದಿಲ್ಲ. ಹುಟ್ಟುವ ಮುಂಚೆ ಮದುವೆಗೆ ಕರೆದರೆ ಬರುವುದು ಹೇಗೆ, ಅಲ್ವಾ?

ಮೌಸ್ ಯಾವ ಕಾಲದ್ದಾದರೂ ಕೆಲಸ ಮಾಡುತ್ತದೆ, ವೈಫೈ ಯಾಕೆ ಮಾಡಲ್ಲ ಅಂತ ನನ್ನ ಗಂಡ ಕೇಳಿದರು. ಒಳ್ಳೆ ಪ್ರಶ್ನೆ. ಯುಎಸ್‌ಬಿ ಮೌಸ್, ಕೀಬೋರ್ಡ್, ಪೆನ್‌ಡ್ರೈವ್, ವೆಬ್‌ಕ್ಯಾಮ್ ಇವಕ್ಕೆಲ್ಲ ಒಂದೊಂದು ಜಾತಿಗೆ ಒಂದೊಂದು ಒಪ್ಪಿದ ಭಾಷೆ ಇದೆ. ಯಾವ ಕಂಪನಿ ಮಾಡಿದರೂ ಆ ಭಾಷೆ ಮಾತಾಡಬೇಕು. ವೆಬ್‌ಕ್ಯಾಮ್‌ಗಳ ಅಂಥ ಡ್ರೈವರ್ ಲಿನಕ್ಸ್‌ಗೆ ಬಂದದ್ದು 2008ರಲ್ಲಿ. ಕೊರೊನಾ ಕಾಲದಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡಿದ್ದ ವೆಬ್‌ಕ್ಯಾಮ್ ನಿಮ್ಮ ಪೆನ್‌ಡ್ರೈವ್‌ಗೆ ತಟ್ಟನೆ ಕಂಡದ್ದು ಅದಕ್ಕೇ. ವೈಫೈ ಚಿಪ್‌ಗಳಿಗೆ ಅಂಥ ಒಪ್ಪಂದ ಇಲ್ಲ. ಗಾಳಿಯಲ್ಲಿ ಎಲ್ಲವೂ ಒಂದೇ ಭಾಷೆ, ಕಂಪ್ಯೂಟರ್ ಜೊತೆಗೆ ಮಾತ್ರ ಒಂದೊಂದಕ್ಕೂ ಒಂದೊಂದು. ಪ್ರತಿ ಚಿಪ್‌ಗೂ ಬೇರೆ ಡ್ರೈವರ್ ಬೇಕು, ಜೊತೆಗೆ ಚಿಪ್‌ನ ಒಳಗೆ ತುಂಬುವ ಫರ್ಮ್‌ವೇರ್ ಫೈಲೂ ಬೇಕು. ಎರಡರಲ್ಲಿ ಒಂದು ಹಳೆಯದಾದರೂ ಕಥೆ ಮುಗಿಯಿತು.

ಇನ್ನೊಂದು ತಮಾಷೆ. ಲ್ಯಾಪ್‌ಟಾಪ್ ಡಬ್ಬಿ ಮೇಲೆ ಈ ಚಿಪ್‌ನ ಹೆಸರು ಇರಲ್ಲ. ವೈಫೈ 6 ಅಂತ ಬರೆದಿರುತ್ತಾರೆ, ಅಷ್ಟೇ. ಒಂದೇ ಮಾಡೆಲ್ ನಂಬರಿನ ಎರಡು ಲ್ಯಾಪ್‌ಟಾಪ್‌ನಲ್ಲಿ ಒಂದಕ್ಕೆ ಇಂಟೆಲ್ ಕಾರ್ಡ್, ಇನ್ನೊಂದಕ್ಕೆ ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್ ಇರಬಹುದು. ಆ ಹೊತ್ತಿಗೆ ಕಾರ್ಖಾನೆಗೆ ಯಾವುದು ಸಿಕ್ಕಿತೋ ಅದು. ನೀವು ಕೊಟ್ಟಿರುವ ಹೊಂದುವ ಲ್ಯಾಪ್‌ಟಾಪ್‌ಗಳ ಪಟ್ಟಿಯಲ್ಲಿ ಕಂಪನಿ ಮತ್ತು ಮಾಡೆಲ್ ಹೆಸರು ಇದೆ. ಅದರಿಂದ ಉಪಯೋಗ ಕಡಿಮೆ. ಚಿಪ್‌ಗಳ ಪಟ್ಟಿ ಕೊಡಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ ಹೆಸರು ನೋಡಿಕೊಳ್ಳಲು ಯಾರಿಗೂ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ.

ಹಳೆ ಕರ್ನಲ್ ಯಾಕೆ ಇಟ್ಟಿದ್ದೀರಿ ಅಂತ ನನಗೆ ಅರ್ಥ ಆಗುತ್ತದೆ. ನನ್ನ ಕಾರ್ಖಾನೆಯ ಸರ್ವರ್‌ನಲ್ಲಿ ಹಳೆ ಕರ್ನಲ್ ಇರುವುದೇ ನನಗೂ ಇಷ್ಟ. ಕೆಲಸ ಮಾಡುತ್ತಿರುವುದನ್ನು ಸುಮ್ನೆ ಯಾಕೆ ಮುಟ್ಟಬೇಕು. ಆದರೆ ಸರ್ವರ್ ಐದು ವರ್ಷ ಅದೇ ಡಬ್ಬಿಯಲ್ಲಿ ಇರುತ್ತದೆ. ನಿಮ್ಮ ಪೆನ್‌ಡ್ರೈವ್ ದಿನಕ್ಕೊಂದು ಹೊಸ ಲ್ಯಾಪ್‌ಟಾಪ್ ಮುಂದೆ ನಿಲ್ಲಬೇಕು. ಇನ್ನೊಂದು ಮಾತು: ಪರೀಕ್ಷೆಯಲ್ಲಿ ನಾವು ರಿಪೇರಿ ಮಾಡುವ ಯಂತ್ರಗಳು ನಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲ. ಅವು ಎಲ್ಲೋ ದೂರದ ನಿಮ್ಮ ಸರ್ವರ್‌ನಲ್ಲಿವೆ. ಪೆನ್‌ಡ್ರೈವ್ ಬರೀ ಕಿಟಕಿ. ಕಿಟಕಿಗೆ ಹೊಸ ಚೌಕಟ್ಟು ಹಾಕಿದರೆ ಹೊರಗಿನ ಹೊಲ ಬದಲಾಗಲ್ಲ. ಪರೀಕ್ಷೆಯ ವಿಷಯ ಹಳೆ ಆವೃತ್ತಿಯದೇ ಇರಲಿ, ಪೆನ್‌ಡ್ರೈವ್‌ಗೆ ಹೊಸ ಕರ್ನಲ್, ಹೊಸ ಫರ್ಮ್‌ವೇರ್ ಹಾಕಿ. ಎರಡಕ್ಕೂ ಗಂಟು ಹಾಕಿರುವುದು ಅಭ್ಯಾಸ ಇರಬೇಕು.

ನಿಮ್ಮ ಸಹಾಯವಾಣಿಗೆ ಬರೆದೆ. ಚಿಪ್ ಹೆಸರು, ಕರ್ನಲ್ ಸಂಖ್ಯೆ, ಪರದೆಯ ಫೋಟೋ ಎಲ್ಲ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ನಿಮ್ಮ ಇಂಟರ್‌ನೆಟ್ ಸೇವೆ ಕೊಡುವವರನ್ನು ಸಂಪರ್ಕಿಸಿ. ಸರಿ, ಅದೂ ಆಗಲಿ ಅಂತ ಕೇಬಲ್ ಹುಡುಗನನ್ನು ಕರೆಸಿದೆ. ಅವನು ಬಂದು, ಬಾಕ್ಸ್‌ನ ಹಸಿರು ದೀಪ ನೋಡಿ, "ಅಕ್ಕ, ನಮ್ ಲೈನ್ ಚೆನ್ನಾಗೈತಲ್ಲ" ಅಂದ. ಅವನ ಮುಂದೆ ನಾಚಿಕೆ ಆಯಿತು. ನಿಮ್ಮ ಎರಡನೇ ಉತ್ತರ, ಹತ್ತಿರದ ಪರೀಕ್ಷಾ ಕೇಂದ್ರಕ್ಕೆ ಹೋಗಿ. ಹತ್ತಿರದ್ದು ಬೆಂಗಳೂರಿನಲ್ಲಿ, 70 ಕಿಲೋಮೀಟರ್. ಹೋಗಬಹುದಿತ್ತು, ಆದರೆ ಕಟ್ಟಿದ ಶುಲ್ಕ ಆ ಕಡೆಗೆ ವರ್ಗ ಆಗಲ್ಲ ಅಂದಿರಿ.

ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆಥರಿಂಗ್ (ಮೊಬೈಲಿನ ನೆಟ್ ಹಂಚಿಕೊಳ್ಳುವುದು) ಆನ್ ಮಾಡಿದರೆ ಲಿನಕ್ಸ್‌ಗೆ ಅದು ತಂತಿಯ ನೆಟ್‌ವರ್ಕ್ ಕಾರ್ಡ್ ಥರ ಕಾಣುತ್ತದೆ, ವೈಫೈ ಡ್ರೈವರ್ ಬೇಕೇ ಇಲ್ಲ. ಹಾಗೆ ಮಾಡಿ, ಯಂತ್ರ ಹೊಂದುತ್ತದಾ ಅಂತ ಮೊದಲೇ ನೋಡುವ ನಿಮ್ಮ ಹೊಂದಾಣಿಕೆ ಪರೀಕ್ಷೆ ಓಡಿಸಿದೆ. ಎಲ್ಲ ಹಸಿರು. ಕುಣಿಯೋಣ ಅನ್ನುವಷ್ಟರಲ್ಲಿ ನಿಯಮ ಓದಿದೆ. ಕೋಣೆಯಲ್ಲಿ ಮೊಬೈಲ್ ಇರಬಾರದು. ನಿಮ್ಮ ಪರೀಕ್ಷೆಗೆ ಹೊಂದುವುದು ನಿಮ್ಮ ನಿಯಮಕ್ಕೆ ಹೊಂದಲಿಲ್ಲ.

ಕೊನೆಗೆ ಬೆಂಗಳೂರಿನಿಂದ ಬರುವ ಪರಿಚಯದವರ ಕೈಯಲ್ಲಿ ಎಸ್‌ಪಿ ರಸ್ತೆಯಿಂದ ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ (ನೆಟ್‌ನ ತಂತಿಯನ್ನು ಯುಎಸ್‌ಬಿಗೆ ಸೇರಿಸುವ ಸಾಧನ) ತರಿಸಿದೆ. ಒಳಗೆ ಆರ್‌ಟಿಎಲ್8153 ಚಿಪ್ ಇರುವುದೇ ಬೇಕು ಅಂತ ಹೇಳಿ ಕಳಿಸಿದ್ದೆ, ಅದರ ಡ್ರೈವರ್ ಲಿನಕ್ಸ್‌ನಲ್ಲಿ ಬಹಳ ವರ್ಷದಿಂದ ಇದೆ. ರೂಟರ್ ಕೆಳಗಿನ ಹಾಲ್‌ನಲ್ಲಿ, ಪರೀಕ್ಷೆ ಮಹಡಿಯಲ್ಲಿ. 20 ಮೀಟರ್ ಲ್ಯಾನ್ ಕೇಬಲ್ ಕಿಟಕಿಯಿಂದ ಹೊರಗೆ ಬಿಟ್ಟು ಮೇಲಿನ ಕಿಟಕಿಯಿಂದ ಒಳಗೆ ಎಳೆದೆ. ಅತ್ತೆ ಬಟ್ಟೆ ಒಣಗಿಸಲು ಹೊಸ ಹಗ್ಗ ಅಂದುಕೊಂಡು ಎರಡು ಟವೆಲ್ ಹಾಕಿದ್ದರು. ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿದೆ. ನೆಟ್ ಬಂತು.

ಈಗ ಲ್ಯಾಪ್‌ಟಾಪಿನ ಯುಎಸ್‌ಬಿ ತೂತುಗಳ ಲೆಕ್ಕ ಶುರು. ಪೆನ್‌ಡ್ರೈವ್‌ಗೆ ಒಂದು, ನೀವು ಕಡ್ಡಾಯ ಮಾಡಿರುವ ಹೊರಗಿನ ವೆಬ್‌ಕ್ಯಾಮ್‌ಗೆ ಒಂದು, ತಂತಿಯ ಮೌಸ್‌ಗೆ ಒಂದು, ಲ್ಯಾನ್ ಅಡಾಪ್ಟರ್‌ಗೆ ಒಂದು. ನಾಲ್ಕು. ಲ್ಯಾಪ್‌ಟಾಪ್‌ನಲ್ಲಿ ಇರುವುದು ಮೂರು, ಅದರಲ್ಲೂ ಒಂದು ಸಿ ಪೋರ್ಟ್. ತೆಳ್ಳಗೆ ಮಾಡುತ್ತೇವೆ ಅಂತ ಒಂದೊಂದೇ ತೂತು ಮುಚ್ಚುತ್ತಾ ಬಂದಿದ್ದಾರೆ. ಒಂದು ತೂತನ್ನು ಹಲವು ಮಾಡುವ ಹಬ್ ತಗೊಳ್ಳಲೇಬೇಕಾಯಿತು. ವೆಬ್‌ಕ್ಯಾಮ್, ಮೌಸ್, ಲ್ಯಾನ್ ಮೂರನ್ನೂ ಹಬ್‌ಗೆ ಹಾಕಿದೆ. ಹೊಂದಾಣಿಕೆ ಪರೀಕ್ಷೆ ಮತ್ತೆ ಎಲ್ಲ ಹಸಿರು.

ಹಬ್‌ಗೆ ಬೇರೆ ಕರೆಂಟ್ ಇರಲಿಲ್ಲ. ಯುಎಸ್‌ಬಿ 3 ಪೋರ್ಟ್ ಒಂದು 900 ಮಿಲಿಆಂಪಿಯರ್ ಕೊಡುತ್ತದೆ, ಯುಎಸ್‌ಬಿ 2 ಆದರೆ 500. ಅದರಲ್ಲಿ ಮೂರು ಬಾಯಿ ತುಂಬಬೇಕು. ನಿಮ್ಮ ಹೊಂದಾಣಿಕೆ ಪರೀಕ್ಷೆ ಕ್ಯಾಮೆರಾವನ್ನು ಕೆಲವು ಸೆಕೆಂಡ್ ನೋಡುತ್ತದೆ, ಆಮೇಲೆ ನೆಟ್ ವೇಗ ನೋಡುತ್ತದೆ, ಆಮೇಲೆ ಮೌಸ್. ಒಂದಾದ ಮೇಲೆ ಒಂದು. ಎಲ್ಲವೂ ಒಟ್ಟಿಗೆ ಗಂಟೆಗಟ್ಟಲೆ ದುಡಿದರೆ ಏನಾಗುತ್ತದೆ ಅಂತ ನೋಡುವುದೇ ಇಲ್ಲ. ಅದು ಗೊತ್ತಾದದ್ದು ಶನಿವಾರ.

ಎರಡು ಗಂಟೆ ಐದು ನಿಮಿಷಕ್ಕೆ ಪ್ರಾಕ್ಟರ್ ಬಂದರು. ಚೀಟಿ ನೋಡಿದರು. ವೆಬ್‌ಕ್ಯಾಮ್ ಎತ್ತಿ ಕೋಣೆ ಸುತ್ತ ತೋರಿಸಿ ಅಂದರು. ಎತ್ತಿ ತಿರುಗಿಸಿದೆ, ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಹಬ್‌ನ ದೀಪ ಆರಿ ಮತ್ತೆ ಹತ್ತಿತು. ಕ್ಯಾಮೆರಾ ಹೋಯಿತು, ಜೊತೆಗೆ ನೆಟ್ಟೂ ಹೋಯಿತು, ಯಾಕೆಂದರೆ ಎರಡೂ ಒಂದೇ ಹಬ್‌ನಲ್ಲಿ. ಪರದೆ ಹೆಪ್ಪುಗಟ್ಟಿತು. ಬೇರೆ ದಾರಿ ಇಲ್ಲದೆ ಮತ್ತೆ ಬೂಟ್ ಮಾಡಿದೆ. ಪೆನ್‌ಡ್ರೈವ್‌ನಿಂದ ಏಳಲು ಏಳು ನಿಮಿಷ. ಮತ್ತೆ ಬಂದರೆ ಬೇರೆ ಪ್ರಾಕ್ಟರ್. ಮತ್ತೆ ಚೀಟಿ, ಮತ್ತೆ ಇನಿಷಿಯಲ್, ಮತ್ತೆ ಕ್ಯಾಮೆರಾ ಎತ್ತಿ. ಎತ್ತಿದೆ. ಮತ್ತೆ ಹೋಯಿತು. ಮೂರನೇ ಸಲ ಲ್ಯಾನ್ ಅಡಾಪ್ಟರನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿ, ಮೌಸ್ ಕಿತ್ತುಹಾಕಿ, ಟಚ್‌ಪ್ಯಾಡ್‌ನಲ್ಲೇ ನಡೆಸುತ್ತೇನೆ ಅಂತ ಹೊರಟೆ. ಎಲ್ಲ ಸರಿ ಹೋಯಿತು. ಕ್ಯಾಮೆರಾ ನಿಂತಿತು. ಆಗ ಮೂರು ಗಂಟೆ ಎರಡು ನಿಮಿಷ. ನಿಮ್ಮ ಸ್ಲಾಟ್ ಮುಚ್ಚಿತ್ತು.

ಪರದೆ ಮೇಲೆ ಏನೂ ಬರಲಿಲ್ಲ, ಖಾಲಿ ಪುಟ. ಕೆಳಗೆ ಬಂದೆ. ಬೆಳಗ್ಗೆ ತಂದಿಟ್ಟಿದ್ದ ತಟ್ಟೆ ಇಡ್ಲಿ ಪರೀಕ್ಷೆ ಮುಗಿದ ಮೇಲೆ ತಿನ್ನೋಣ ಅಂತ ಹಾಗೇ ಬಿಟ್ಟಿದ್ದೆ, ಗಟ್ಟಿಯಾಗಿತ್ತು. "ಇಷ್ಟು ಬೇಗ ಮುಗೀತಾ?" ಅಂತ ಅತ್ತೆ ಕೇಳಿದರು.

ನನ್ನ ತಪ್ಪು ಇಲ್ಲ ಅಂತ ಹೇಳುತ್ತಿಲ್ಲ. ಹಬ್ ಬೇರೆ ಕರೆಂಟ್ ಇರುವುದು ತಗೊಳ್ಳಬೇಕಿತ್ತು. ಕ್ಯಾಮೆರಾ ಕೈಯಲ್ಲಿ ಹಿಡಿದು ಕೋಣೆ ಸುತ್ತಿ ಒಮ್ಮೆ ಅಭ್ಯಾಸ ಮಾಡಬೇಕಿತ್ತು. ಇದನ್ನು ಓದುವ ಇತರರು ಅಷ್ಟಾದರೂ ಮಾಡಿ. ಆದರೆ ಮಾನ್ಯರೇ, ನಿಮ್ಮ ದಾಖಲೆಯಲ್ಲಿ ನಾನು ಮೂರು ಸಲ ಒಳಗೆ ಬಂದದ್ದು ಇರಲೇಬೇಕು. ನನ್ನ ಮುಖದ ಫೋಟೋ ಕೂಡ ಇರಬೇಕು. ಎದುರಿಗೇ ಕೂತವಳಿಗೆ ಗೈರು ಅಂತ ಬರೆಯುವ ಹಾಜರಿ ಪುಸ್ತಕ ನಾನು ಕಂಡಿಲ್ಲ.

ದುಡ್ಡು ಕಟ್ಟಿದ ಮೇಲೆ ಮಾತ್ರ ಹೊಂದಾಣಿಕೆ ಇಮೇಜ್ ಸಿಗುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ತಂದ ವಿಷಯ. ಎತ್ತು ಕೊಳ್ಳುವವನಿಗೆ ಸಂತೆಯಲ್ಲೇ ಹಲ್ಲು ನೋಡಲು ಬಿಡುತ್ತಾರೆ. ಆ ಇಮೇಜನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡಿ. ಅದರಲ್ಲಿ ಪ್ರಶ್ನೆಪತ್ರಿಕೆ ಏನೂ ಇಲ್ಲವಲ್ಲ. ಲ್ಯಾಪ್‌ಟಾಪ್ ಅಂಗಡಿಗೇ ಪೆನ್‌ಡ್ರೈವ್ ತಗೊಂಡು ಹೋಗಿ, ಸಿಕ್ಕಿಸಿ ನೋಡಿ, ಆಮೇಲೆ ಕೊಳ್ಳುತ್ತೇವೆ. ಕ್ಯಾಮೆರಾ, ನೆಟ್, ಮೈಕ್ ಎಲ್ಲ ಒಟ್ಟಿಗೆ ಒಂದು ಕಾಲು ಗಂಟೆ ಓಡುವ ಹಾಗೆ ಪರೀಕ್ಷೆ ಮಾಡಿ. ಅದು ಪಾಸಾದರೆ ನಮಗೂ ಧೈರ್ಯ, ನಿಮ್ಮ ಸಹಾಯವಾಣಿಗೂ ಕೆಲಸ ಕಡಿಮೆ.

ಇನ್ನು ನನ್ನ ವಿಷಯ. ಟಿಕೆಟ್ ಸಂಖ್ಯೆಗಳು ನಿಮ್ಮ ಬಳಿ ಇವೆ. ಗೈರು ಅನ್ನುವುದನ್ನು ತೆಗೆದು ತಾಂತ್ರಿಕ ಕಾರಣದಿಂದ ನಡೆಯಲಿಲ್ಲ ಅಂತ ಬರೆಯಿರಿ. ಕಾರ್ಖಾನೆಯಲ್ಲಿ ಆ ಮೇಲ್ ತೋರಿಸಬೇಕಾಗಿದೆ, ರಜೆ ಹಾಕಿ ಪರೀಕ್ಷೆಗೆ ಹೋಗಲೇ ಇಲ್ಲವಾ ಅಂತ ಕೇಳುತ್ತಿದ್ದಾರೆ. ಕಟ್ಟಿದ ಶುಲ್ಕದಲ್ಲೇ ಇನ್ನೊಂದು ದಿನ ಕೊಡಿ. ಕರೆಂಟ್ ಇರುವ ಹಬ್ ಬಂದಿದೆ, ಕೇಬಲ್ ಇನ್ನೂ ಕಿಟಕಿಯಲ್ಲೇ ಇದೆ, ಅದರ ಮೇಲೆ ಬಟ್ಟೆ ಹಾಕಬೇಡಿ ಅಂತ ಅತ್ತೆಗೆ ಹೇಳಿದ್ದೇನೆ. ಆದರೆ ದಯವಿಟ್ಟು ಬೆಳಗಿನ ಸ್ಲಾಟ್ ಕೊಡಿ. ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವುದು ಜಾಸ್ತಿ.

ಇಂತಿ,
ಮೂರು ಸಲ ಹಾಜರಾದ ಅಭ್ಯರ್ಥಿ
ಕ್ಯಾತ್ಸಂದ್ರ, ತುಮಕೂರು